ಬೀಸೋ ಕಲ್ಲು, ಫ್ಲಾಹರ್ಟಿ ಮತ್ತು ಕಾರಾಪುರದ ಸಾಬು

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ಒಂದು ರಿಲೀಸ್ ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು. ಬರೆಯಬೇಕು ಅಂದುಕೊಂಡದ್ದೆಲ್ಲ ತಲೆಯಲ್ಲೇ ಡ್ರಾಫ್ಟ್ ಆಗಿ ಅಲ್ಲೇ ಡಿಲೀಟ್ ಆಗಿಹೋಗುತ್ತಿತ್ತು. ಆದರೆ ಹೋದ ತಿಂಗಳು ಊರಿಗೆ ಹೋದಾಗ ನಡೆದ ಒಂದು ಸಣ್ಣ ಮಾತುಕತೆ ಮಾತ್ರ ಡಿಲೀಟ್ ಆಗಲೊಲ್ಲದು. ಅದಕ್ಕೇ ಇವತ್ತು ಕೂತಿದ್ದೇನೆ.

ನಮ್ಮೂರು ಬಸವಾಪಟ್ಟಣ. ಚನ್ನಗಿರಿ ತಾಲ್ಲೂಕು. ಗುಡ್ಡದ ಮೇಲೊಂದು ಹಳೇ ಕೋಟೆ, ಕೆಳಗೆ ಭದ್ರಾ ನಾಲೆಯ ನೀರಿನ ಭತ್ತದ ಗದ್ದೆ, ಅಡಿಕೆ ತೋಟ. ಸೂಳೆಕೆರೆ ಹತ್ತಿರ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ನಮ್ಮಜ್ಜಿ ತೀರಿಕೊಂಡು ಮೂರು ವರ್ಷವಾಯಿತೆಂದು ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟ ಆದ ಮೇಲೆ ಯಾರೋ ಟೀವಿಗೆ ಮೊಬೈಲ್ ಜೋಡಿಸಿ ಅಜ್ಜಿಯ ವೀಡಿಯೋ ಹಾಕಿದರು. ಅದು ನಾನೇ ತೆಗೆದದ್ದು. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಗೆಳೆಯನ ಕ್ಯಾಮೆರಾ ಕಡ ತಂದು, ಅಜ್ಜಿ ಬೀಸೋ ಕಲ್ಲಿನ ಮುಂದೆ ಕಾಲು ಚಾಚಿ ಕೂತು ರಾಗಿ ಬೀಸುತ್ತಾ ಪದ ಹೇಳುವುದನ್ನು ಚಿತ್ರಿಸಿದ್ದೆ. ಒಂದೂವರೆ ನಿಮಿಷ. ಕಿಟಕಿಯಿಂದ ಬಿಸಿಲು ಕೋಲು ಕೋಲಾಗಿ ಬೀಳುತ್ತದೆ, ಹಿಟ್ಟಿನ ಧೂಳು ಅದರಲ್ಲಿ ತೇಲುತ್ತದೆ. ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರತಿ ವರ್ಷ ಒಂದು ಸುತ್ತು ಬರುವ ವೀಡಿಯೋ ಇದು.

ಅಣ್ಣನ ಮಗಳಿಗೆ ಏಳು ವರ್ಷ. ಅವಳು ನೋಡಿ ಕೇಳಿದಳು, "ಚಿಕ್ಕಪ್ಪಾ, ಮುತ್ತಜ್ಜಿ ದಿನಾ ಹಿಂಗೇ ಹಿಟ್ಟು ಬೀಸ್ತಿದ್ರಾ?"

ನಾನು "ಹೂಂ" ಅಂದೆ.

ನಿಜ ಏನಪ್ಪಾ ಅಂದರೆ, ಆ ಬೀಸೋ ಕಲ್ಲು ಇಪ್ಪತ್ತು ವರ್ಷದಿಂದ ಹಿತ್ತಲಲ್ಲಿ ಬಿದ್ದಿತ್ತು. ಅದರ ಮೇಲೆ ಕೈ ತೊಳೆಯುವ ನೀರಿನ ಬಕೆಟ್ ಇಡುತ್ತಿದ್ದರು. ನಾನೇ ಹೊತ್ತು ತಂದು ತೊಳೆದು ನಡುಮನೆಯಲ್ಲಿ ಇಟ್ಟೆ. ಟೀವಿಗೆ, ಪ್ಲಾಸ್ಟಿಕ್ ಕುರ್ಚಿಗಳಿಗೆ ಫ್ರೇಮಿನಿಂದಾಚೆ ಜಾಗ ತೋರಿಸಿದೆ. ಅಜ್ಜಿಗೆ ನೈಲಾನ್ ಸೀರೆ ಬಿಚ್ಚಿಸಿ ಪೆಟ್ಟಿಗೆಯಿಂದ ಹಳೇ ಇಳಕಲ್ ಸೀರೆ ಉಡಿಸಿದ್ದಾಯಿತು. ಇದೆಲ್ಲಕ್ಕಿಂತ ನಗು ಬರುವ ಸಂಗತಿ ಎಂದರೆ ನಮ್ಮ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ಇದೆ. ಅದರ ಬೆಲ್ಟಿನ ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತಿತ್ತು. ಕರೆಂಟು ಹೋಗುವ ತನಕ ಕಾದು, ಗಿರಣಿ ನಿಂತ ಮೇಲೆ ಶೂಟ್ ಮಾಡಿದೆ. ಅಂದರೆ ಅಜ್ಜಿ ದಿನಾ ಹಿಟ್ಟು ಮಾಡಿಸುತ್ತಿದ್ದ ಯಂತ್ರ ಬಾಯಿ ಮುಚ್ಚುವವರೆಗೆ ಕಾದು, ಅಜ್ಜಿ ಹಿಟ್ಟು ಮಾಡುವುದನ್ನು ಚಿತ್ರಿಸಿದ ಮಹಾನುಭಾವ ನಾನು :-)

ಮಗುವಿಗೆ ಹೇಳಿದ ಆ "ಹೂಂ" ಬೆಂಗಳೂರು ಬಸ್ಸಿನಲ್ಲಿ ರಾತ್ರಿಯಿಡೀ ಚುಚ್ಚಿತು. ಚುಚ್ಚುತ್ತಿರುವಾಗಲೇ ನೆನಪಾದವನು ರಾಬರ್ಟ್ ಫ್ಲಾಹರ್ಟಿ. ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಅವನ ಸಿನಿಮಾ ನೋಡಿದ್ದೆ. ಆಮೇಲೆ ಮೈಸೂರಿನಲ್ಲಿ ಕೆಲಸದಲ್ಲಿದ್ದಾಗ, ಈ ಪುಣ್ಯಾತ್ಮ ನಮ್ಮ ಮೈಸೂರಿಗೂ ಬಂದಿದ್ದ, ನಮ್ಮ ಕಾಡಿನಲ್ಲೂ ಇದೇ ಕೆಲಸ ಮಾಡಿದ್ದ ಅಂತ ತಿಳಿದು ಅವನ ಬೆನ್ನು ಹತ್ತಿದ್ದೆ.

ಡಾಕ್ಯುಮೆಂಟರಿ ಅನ್ನುವುದಕ್ಕೆ ಕನ್ನಡದಲ್ಲಿ 'ಸಾಕ್ಷ್ಯಚಿತ್ರ' ಅನ್ನುತ್ತೇವಲ್ಲ, ಎಂಥಾ ಭಾರದ ಪದ ನೋಡಿ. ಕಟಕಟೆ, ಪ್ರಮಾಣ, ಎಲ್ಲ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಆ ಪದವನ್ನು ಸಿನಿಮಾಕ್ಕೆ ಅಂಟಿಸಿದವನು ಜಾನ್ ಗ್ರಿಯರ್ಸನ್. ೧೯೨೬ರಲ್ಲಿ ಒಂದು ನ್ಯೂಯಾರ್ಕ್ ಪತ್ರಿಕೆಗೆ ವಿಮರ್ಶೆ ಬರೆಯುತ್ತಾ ಬಳಸಿದ. ಯಾವ ಸಿನಿಮಾದ ವಿಮರ್ಶೆ ಅಂದರೆ ಫ್ಲಾಹರ್ಟಿ ಸಮೋವಾ ದ್ವೀಪದಲ್ಲಿ ತೆಗೆದ 'ಮೋವಾನಾ'ದ್ದು. ಹಾಗಾಗಿ ಸಾಕ್ಷ್ಯಚಿತ್ರದ ಪಿತಾಮಹ ಅಂತ ಫ್ಲಾಹರ್ಟಿಯನ್ನು ಕರೆಯುವ ರೂಢಿ ಬಂತು.

ಈ ಪಿತಾಮಹ ಮೊದಲು ಸಿನಿಮಾದವನೇ ಅಲ್ಲ. ೧೮೮೪ರಲ್ಲಿ ಅಮೆರಿಕದ ಮಿಚಿಗನ್ನಿನಲ್ಲಿ ಹುಟ್ಟಿದ. ಅಪ್ಪ ಗಣಿ ಕೆಲಸದವನು. ಮಗನೂ ಕೆನಡಾದ ಹಡ್ಸನ್ ಕೊಲ್ಲಿಯ ಹಿಮದಲ್ಲಿ ಕಬ್ಬಿಣದ ಅದಿರು ಹುಡುಕುತ್ತಾ ಅಲೆದ. ರೈಲು ರಸ್ತೆ ಕಟ್ಟಿಸುತ್ತಿದ್ದ ಧಣಿಯೊಬ್ಬ ಇವನನ್ನು ಕಳಿಸಿದ್ದ. ಹೋಗುವಾಗ ಒಂದು ಕ್ಯಾಮೆರಾನೂ ತಗೊಂಡು ಹೋಗು ಅಂದವನೂ ಅವನೇ. ಅಲ್ಲಿನ ಇನುಯಿಟ್ ಜನರನ್ನು ಚಿತ್ರಿಸಿಕೊಂಡು ಬಂದು ೧೯೧೬ರಲ್ಲಿ ಟೊರಾಂಟೋದಲ್ಲಿ ಎಡಿಟ್ ಮಾಡುತ್ತಿರುವಾಗ ಸಿಗರೇಟಿನ ಕಿಡಿ ಬಿದ್ದು ಸುಮಾರು ೩೦,೦೦೦ ಅಡಿ ನೆಗೆಟಿವ್ ಸುಟ್ಟುಹೋಯಿತು. ಆಗಿನ ಫಿಲ್ಮು ನೈಟ್ರೇಟಿನದು, ಭಗ್ ಅಂತ ಹತ್ತಿಕೊಳ್ಳುತ್ತಿತ್ತು. ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್ ಡೇಟಾ ಕಳೆದುಕೊಂಡವರಿಗೆ ಮಾತ್ರ ಆ ಹೊಟ್ಟೆ ಉರಿ ಅರ್ಥವಾದೀತು. ಆದರೆ ಉಳಿದ ಒಂದು ಪ್ರತಿಯನ್ನು ನೋಡಿದ ಮೇಲೆ ಅವನಿಗೇ ಅದು ಸಪ್ಪೆ ಅನ್ನಿಸಿತಂತೆ. ಮತ್ತೆ ಹೋಗಿ, ಒಬ್ಬ ಮನುಷ್ಯ, ಒಂದು ಸಂಸಾರ ಅಂತ ಇಟ್ಟುಕೊಂಡು ತೆಗೆದದ್ದೇ ೧೯೨೨ರ 'ನಾನೂಕ್ ಆಫ್ ದಿ ನಾರ್ತ್'. ಚರ್ಮದ ವ್ಯಾಪಾರದ ಫ್ರೆಂಚ್ ಕಂಪನಿಯೊಂದು ದುಡ್ಡು ಹಾಕಿತು.

ಸಿನಿಮಾ ನೋಡಿದ ಜಗತ್ತು ದಂಗಾಯಿತು. ಆದರೆ ಸಾಕ್ಷಿಯ ಲೆಕ್ಕದಲ್ಲಿ ನೋಡಿದರೆ? ನಾನೂಕ್ ಅವನ ಹೆಸರೇ ಅಲ್ಲ. ಅವನು ಅಲ್ಲಕರಿಯಲ್ಲಕ್ ಅಂತ. ಹೆಂಡತಿ ಅಂತ ತೋರಿಸಿದವಳು ಅವನ ಹೆಂಡತಿಯಲ್ಲ. ಆಗಾಗಲೇ ಆ ಜನ ಬಂದೂಕು ಬಳಸುತ್ತಿದ್ದರು, ಇವನು ಈಟಿ ಹಿಡಿಸಿದ. ಹಿಮದ ಮನೆಯೊಳಗೆ ಕ್ಯಾಮೆರಾ ಹಿಡಿಸುತ್ತಿರಲಿಲ್ಲ, ಬೆಳಕೂ ಸಾಲದು. ಅದಕ್ಕೆ ಅರ್ಧ ಮನೆ ಮಾತ್ರ ಕಟ್ಟಿಸಿ, ಕೊರೆಯುವ ಚಳಿಯಲ್ಲಿ ಅವರನ್ನು ಅದರಲ್ಲಿ 'ಮಲಗಿಸಿ' ಚಿತ್ರಿಸಿದ. ಗ್ರಾಮಫೋನ್ ತಟ್ಟೆಯನ್ನು ನಾನೂಕ್ ಏನೆಂದು ತಿಳಿಯದೆ ಕಚ್ಚಿ ನೋಡುವ ದೃಶ್ಯವಂತೂ ಪೂರ್ತಿ ನಾಟಕ. ಮುಂದೆ ೧೯೩೪ರಲ್ಲಿ ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ 'ಮ್ಯಾನ್ ಆಫ್ ಅರಾನ್' ತೆಗೆದಾಗ, ಅಲ್ಲಿನವರು ಎಂದೋ ಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಹೊಸದಾಗಿ ಕಲಿಸಿ ಆಡಿಸಿದ. ಅಜ್ಜಂದಿರು ಮಾಡಿದ್ದನ್ನು ಮೊಮ್ಮಕ್ಕಳ ಕೈಲಿ ಮಾಡಿಸಿ ಇದು ಇವತ್ತಿನದು ಅಂದ. ಬೀಸೋ ಕಲ್ಲು!

ಹಾಗಂತ ಅವನನ್ನು ಮೋಸಗಾರ ಅಂತ ಒಂದೇ ಮಾತಿಗೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಹಿಮದ ನಡುವೆಯೇ ಫಿಲ್ಮ್ ತೊಳೆದು, ಅಲ್ಲೇ ಆ ಜನಕ್ಕೆ ತೋರಿಸುತ್ತಿದ್ದ. ಯಾವ ದೃಶ್ಯ ಹೇಗೆ ಮಾಡೋಣ ಎಂದು ಅವರೂ ಸೇರಿ ಯೋಚಿಸುತ್ತಿದ್ದರು. ಅಲ್ಲಕರಿಯಲ್ಲಕ್ ನಟ ಮಾತ್ರ ಅಲ್ಲ, ಇಂದಿನ ಭಾಷೆಯಲ್ಲಿ ಸಹನಿರ್ದೇಶಕ. ಆದರೆ ಟೈಟಲ್ ಕಾರ್ಡಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೇ.

ಇಂಥ ಮನುಷ್ಯ ಮೈಸೂರಿಗೆ ಬಂದದ್ದು ೧೯೩೫ರಲ್ಲಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಕಳಿಸಿದ. ಫ್ಲಾಹರ್ಟಿಗೆ ಒಬ್ಬ ಹುಡುಗ, ಒಂದು ಪ್ರಾಣಿ, ಅವರಿಬ್ಬರ ಸ್ನೇಹ, ಇಷ್ಟು ಸಾಕಾಗಿತ್ತು. ಕೊರ್ಡಾಗೆ ಹೆಸರಿರುವ ಕಥೆ ಬೇಕಿತ್ತು. ಕಿಪ್ಲಿಂಗ್‌ನ 'ಜಂಗಲ್ ಬುಕ್' (೧೮೯೪) ಸಂಕಲನದಲ್ಲಿ ತೂಮಾಯ್ ಎಂಬ ಮಾವುತರ ಹುಡುಗನ ಕಥೆಯಿದೆ. ಕಾಳಾನಾಗ್ ಎಂಬ ಮುದಿ ಆನೆ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಾಡಾನೆಗಳ ಕುಣಿತ ತೋರಿಸಲು ಒಯ್ಯುತ್ತದೆ. ಅದನ್ನೇ ಆರಿಸಿದರು. ಚಿತ್ರದ ಹೆಸರು 'ಎಲಿಫೆಂಟ್ ಬಾಯ್'. ಚಿತ್ರೀಕರಣ ನಡೆಯುತ್ತಿದ್ದ ೧೯೩೬ರ ಜನವರಿಯಲ್ಲೇ ಕಿಪ್ಲಿಂಗ್ ತೀರಿಕೊಂಡ.

ಕಿಪ್ಲಿಂಗ್‌ನ ಆ ಕಥೆ ನಡೆಯುವುದು ಈಶಾನ್ಯದ ಗಾರೋ ಗುಡ್ಡಗಳಲ್ಲಿ. ಆದರೆ ಅದರಲ್ಲಿ ಬರುವ ಖೆಡ್ಡಾ ಅಧಿಕಾರಿ ಪೀಟರ್ಸನ್ ಸಾಹೇಬನಿಗೆ ಜಿ. ಪಿ. ಸ್ಯಾಂಡರ್ಸನ್ ಮಾದರಿ ಅನ್ನುವವರಿದ್ದಾರೆ. ಈ ಸ್ಯಾಂಡರ್ಸನ್ ಯಾರು? ಮೈಸೂರು ಸರ್ಕಾರದಲ್ಲಿ ನಾಲೆಗಳ ಉಸ್ತುವಾರಿ ನೋಡಿಕೊಂಡಿದ್ದವನು. ಆನೆ ಹುಚ್ಚು ಹತ್ತಿ, ೧೮೭೩ರಲ್ಲಿ ಕಾಕನಕೋಟೆಯಲ್ಲಿ ಪ್ರಯತ್ನಿಸಿ ಸೋತು, ಮರುವರ್ಷ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಗೆದ್ದ. ನೂರು ವರ್ಷ ಮೊದಲು ಹೈದರಾಲಿ ಪ್ರಯತ್ನಪಟ್ಟು ಕೈಲಾಗದೆ, ಇನ್ನು ಮುಂದೆ ಇದಕ್ಕೆ ಕೈ ಹಾಕುವವನಿಗೆ ಶಾಪ ಅಂತ ಕಲ್ಲಿನಲ್ಲಿ ಕೆತ್ತಿಸಿದ್ದನೆಂದೂ ಅವನೇ ತನ್ನ ೧೮೭೮ರ ಪುಸ್ತಕದಲ್ಲಿ ಬರೆದಿದ್ದಾನೆ. ಅಲ್ಲಿಗೆ ನಮ್ಮ ಸೀಮೆಯಿಂದ ಹೊರಟ ಕಥೆ ಗಾರೋ ಗುಡ್ಡ ಸುತ್ತಿ, ಲಂಡನ್ನಿಗೆ ಹೋಗಿ, ಅರವತ್ತು ವರ್ಷದ ಮೇಲೆ ಕ್ಯಾಮೆರಾ ಹೊತ್ತು ಮತ್ತೆ ಕಾಕನಕೋಟೆಗೇ ಬಂತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನ ಈ ತಂಡಕ್ಕೆ ಕೇಳಿದ್ದೆಲ್ಲ ಕೊಟ್ಟಿತು. ಆನೆಗಳು, ಮಾವುತರು, ಕಾಡು, ಇಳಿದುಕೊಳ್ಳಲು ಚಿತ್ತರಂಜನ ಮಹಲ್. ಮೈಸೂರಿನವರಿಗೆ ಗೊತ್ತು, ಅದೇ ಮಹಲು ಮುಂದೆ ಪ್ರೀಮಿಯರ್ ಸ್ಟುಡಿಯೋದವರ ಕೈಗೆ ಬಂತು, ಆಮೇಲೆ ಗ್ರೀನ್ ಹೋಟೆಲ್ ಆಯಿತು. ನಾನು ಅಲ್ಲಿಗೆ ಹೋಗಿ ತೋಟದಲ್ಲಿ ಕೂತು ಒಂದು ಕಾಫಿ ಕುಡಿದು ಬಂದಿದ್ದೇನೆ. ಇತಿಹಾಸ ಸಂಶೋಧನೆ ಅಂತ ಮ್ಯಾನೇಜರಿಗೆ ಹೇಳಿ ಅರ್ಧ ದಿನ ರಜೆ ಹಾಕಿದ್ದೆ, ನಂಬಲಿಲ್ಲ.

ಆನೆ ಪಾತ್ರಕ್ಕೆ ಅರಮನೆಯ ಐರಾವತ ಸಿಕ್ಕಿತು. ಹುಡುಗನ ಪಾತ್ರಕ್ಕೆ ಹುಡುಕಾಟ ನಡೆದಾಗ ಕ್ಯಾಮೆರಾಮನ್ ಆಸ್ಮಂಡ್ ಬೊರಡೈಲ್ ಕಣ್ಣಿಗೆ ಬಿದ್ದವನು ಆನೆಲಾಯದ ಒಬ್ಬ ಪೋರ. ಸಾಬು. ಹುಟ್ಟಿದ್ದು ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ, ೧೯೨೪ರ ಜನವರಿಯಲ್ಲಿ. ಮಾವುತನಾಗಿದ್ದ ಅಪ್ಪ ತೀರಿಹೋಗಿದ್ದ, ತಾಯಿಯೂ ಇಲ್ಲ. ಹನ್ನೊಂದರ ಹುಡುಗ.

ಸಿನಿಮಾ ನೋಡಿದರೆ ಗೊತ್ತಾಗುತ್ತದೆ, ಆ ಹುಡುಗನನ್ನು ಫ್ಲಾಹರ್ಟಿ ಯಾಕೆ ಬಿಡಲಿಲ್ಲ ಅಂತ. ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಹಣೆ ಹತ್ತಿ ಕೂರುವಾಗ ನಾವು ಮನೆ ಮೆಟ್ಟಿಲು ಹತ್ತುವಷ್ಟು ಸಲೀಸು. ಹೊಳೆಯಲ್ಲಿ ಮಲಗಿದ ಆನೆಯ ಮೈ ಉಜ್ಜುವಾಗ ಅವನಿಗೆ ಕ್ಯಾಮೆರಾ ಇದೆ ಅನ್ನುವ ಪರಿವೆಯೇ ಇಲ್ಲ. ಅಲ್ಲಿ ಈಟಿ ಹಿಡಿಸುವ, ಬಂದೂಕು ಬಚ್ಚಿಡುವ ಕೆಲಸ ಫ್ಲಾಹರ್ಟಿಗೆ ಇರಲಿಲ್ಲ. ಕಥೆ ಕಿಪ್ಲಿಂಗ್‌ನದು, ಹೆಸರು ತೂಮಾಯ್, ಆದರೆ ಆ ಕೈ, ಆ ಕಾಲು, ಆನೆಯ ಕಿವಿಯ ಹಿಂದೆ ಬೆರಳಿನಲ್ಲಿ ಒತ್ತುವ ರೀತಿ ಎಲ್ಲ ಕಾರಾಪುರದ್ದು.

ಇನ್ನು ಖೆಡ್ಡಾ. ಈಗಿನ ಹುಡುಗರಿಗೆ ಇದು ಗೊತ್ತಿರಲಾರದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಾಡಿನಲ್ಲಿ ಆನೆ ಹಿಂಡು ಎಲ್ಲಿದೆ ಎಂದು ಮೊದಲು ಪತ್ತೆ ಮಾಡಬೇಕು. ಆ ಕೆಲಸ ಕುರುಬರದು. ಜೇನುಕುರುಬರು, ಬೆಟ್ಟಕುರುಬರು. ಲದ್ದಿ, ಮುರಿದ ಬಿದಿರು, ಹೆಜ್ಜೆ ನೋಡಿ ಲೆಕ್ಕ ಹೇಳುತ್ತಿದ್ದರು. ಆಮೇಲೆ ನೂರಾರು ಜನ ಸುತ್ತುವರಿದು, ರಾತ್ರಿ ಬೆಂಕಿ ಹಾಕಿಕೊಂಡು, ಹಗಲು ತಮಟೆ, ಕೂಗು, ಗುಂಡಿನ ಸದ್ದು ಮಾಡುತ್ತಾ ಹಿಂಡನ್ನು ಮೆಲ್ಲಗೆ ಒತ್ತುತ್ತಾ ಬರಬೇಕು. ಒಂದೇ ಸಲ ಹೆದರಿಸಿದರೆ ತಿರುಗಿ ಬೀಳುತ್ತವೆ. ಕಾಕನಕೋಟೆಯ ವಿಶೇಷ ಎಂದರೆ ಕಪಿಲಾ ಹೊಳೆಗೆ, ಅಂದರೆ ಕಬಿನಿಗೆ, ಹಿಂಡನ್ನು ಇಳಿಸಿ ದಾಟಿಸುವುದು. ಆಚೆ ದಡದಲ್ಲಿ ದಪ್ಪ ಮರದ ದಿಮ್ಮಿಗಳ ಆವರಣ, ಒಳಗೆ ಕಂದಕ. ಕೊನೇ ಆನೆ ಒಳಗಾಗುತ್ತಲೇ ಹಗ್ಗ ಕಡಿದರೆ ಬಾಗಿಲು ದಡ್ ಅಂತ ಬೀಳುತ್ತದೆ. ಮುಂದಿನದು ಕುಮ್ಕಿ ಆನೆಗಳ ಕೆಲಸ. ಪಳಗಿದ ಆನೆಗಳ ಮೇಲೆ ಮಾವುತರು ಒಳಗೆ ಹೋಗಿ ಕಾಡಾನೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು, ಒಬ್ಬ ಇಳಿದು ಆ ಕಾಲುಗಳ ನಡುವೆ ನುಸುಳಿ ಹಗ್ಗ ಬಿಗಿಯುತ್ತಾನೆ. ಎಷ್ಟು ಮಾವುತರು, ಎಷ್ಟು ಆನೆಗಳು ಇದರಲ್ಲಿ ಸತ್ತವೋ. ವೈಸರಾಯಿಗಳಿಗೆ, ಅತಿಥಿಗಳಿಗೆ ಮಾತ್ರ ಇದೊಂದು ತಮಾಷೆ. ಅಟ್ಟಣೆ ಕಟ್ಟಿ ಕೂರಿಸಿ ತೋರಿಸುತ್ತಿದ್ದರು.

ಫ್ಲಾಹರ್ಟಿಯ ತಂಡಕ್ಕಾಗಿಯೂ ಖೆಡ್ಡಾ ನಡೆಯಿತು. ಹಾಗಾದರೆ ಅದು 'ಆಡಿಸಿದ್ದು' ಅನ್ನೋಣವೇ? ಆದರೆ ಆನೆಗಳಿಗೆ ಸ್ಕ್ರಿಪ್ಟ್ ಗೊತ್ತಿಲ್ಲವಲ್ಲ. ಸೊಂಡಿಲೆತ್ತಿ ಘೀಳಿಡುತ್ತಾ ನೀರಿಗೆ ನುಗ್ಗುವ ಹಿಂಡು, ತಾಯಿಯ ಹೊಟ್ಟೆಯಡಿ ಸಿಕ್ಕಿಕೊಳ್ಳುವ ಮರಿ, ಅವುಗಳ ಹೆದರಿಕೆ ನಿಜ. ಓಡಿಸುವವರ ಧೈರ್ಯವೂ ನಿಜ. ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಕಣ್ಣು ತೆಗೆಯಲಿಕ್ಕೂ ಆಗುವುದಿಲ್ಲ.

ಮೈಸೂರಿನಲ್ಲಿದ್ದಾಗ ಟೀಮ್ ಔಟಿಂಗ್ ಅಂತ ಕಬಿನಿ ಹಿನ್ನೀರಿಗೆ ಹೋಗಿದ್ದೆವು. ಬೇಸಿಗೆ. ನೀರು ಇಳಿದು, ಸತ್ತ ಮರಗಳ ಬೊಡ್ಡೆಗಳು ಮಸಿಕಡ್ಡಿಗಳ ಹಾಗೆ ಎದ್ದು ನಿಂತಿದ್ದವು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ೧೯೭೪ರಲ್ಲಿ ಅಣೆಕಟ್ಟು ಮುಗಿದು ಆ ಕಾಡಿನ ದೊಡ್ಡ ಭಾಗ, ಹಲವು ಊರು, ಹಾಡಿಗಳು ಮುಳುಗಿದವು. ಆನೆಯ ಜಾಡು ಹೇಳುತ್ತಿದ್ದ ಜನ ಎತ್ತಂಗಡಿಯಾದರು. ಗೆಳೆಯರೆಲ್ಲ ಬೋಟಿನಲ್ಲಿ ಚಿರತೆ ಎಲ್ಲಿ ಅಂತ ಕಣ್ಣು ಕೀಲಿಸಿದ್ದರೆ ನಾನು ಬೊಡ್ಡೆ ನೋಡುತ್ತಾ ಕೂತಿದ್ದೆ. ಫ್ಲಾಹರ್ಟಿ ಚಿತ್ರಿಸಿದ ಕಾಡು ಆ ನೀರಿನ ಕೆಳಗಿತ್ತು. ಅಲ್ಲಕರಿಯಲ್ಲಕ್‌ನ ಕೈಗೆ ಈಟಿ ಕೊಟ್ಟು ಹಳೆಯದನ್ನು ಉಳಿಸಿದೆ ಅಂದುಕೊಂಡವನು, ಇಲ್ಲಿ ಆಗ ನಿಜಕ್ಕೂ ನಡೆಯುತ್ತಿದ್ದುದನ್ನು ತನಗೆ ಗೊತ್ತಿಲ್ಲದೆಯೇ ಉಳಿಸಿದ್ದ.

ಇದು ಮುಗಿದ ಕಥೆ ಅಂತಲೂ ಹೇಳುವ ಹಾಗಿಲ್ಲ. ೨೦೨೩ರ ಏಪ್ರಿಲ್‌ನಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನಲ್ಲೇ ಕಾಡಾನೆಯ ದಾಳಿಗೆ ಒಬ್ಬ ಹುಡುಗಿ ಬಲಿಯಾದಳು. ಆನೆ ಹಿಡಿಯಲು ಸಕ್ರೆಬೈಲಿನಿಂದ ಪಳಗಿದ ಆನೆಗಳು, ಮಾವುತರು ಬಂದರು. ಆ ವಾರ ಮೊಬೈಲಿಗೆ ಬಂದ ವೀಡಿಯೋಗಳಿಗೆ ಲೆಕ್ಕವಿಲ್ಲ. "ಇದು ನಮ್ಮ ಚನ್ನಗಿರಿ ಆನೆ" ಅಂತ ಬಂದ ಒಂದರಲ್ಲಂತೂ ಹಿಂದೆ ಚಹಾ ತೋಟ ಕಾಣುತ್ತಿತ್ತು. ನಮ್ಮ ಚನ್ನಗಿರಿಯಲ್ಲಿ ಚಹಾ ತೋಟ! ದೊಡ್ಡಪ್ಪ ಅದನ್ನೂ ಫಾರ್ವರ್ಡ್ ಮಾಡಿದ್ದರು. ನಾನು ಅವರಿಗೆ ಸುಳ್ಳು ವೀಡಿಯೋ ಗುರುತಿಸುವುದು ಹೇಗೆ ಅಂತ ಫೋನಿನಲ್ಲಿ ಅರ್ಧ ಗಂಟೆ ಪಾಠ ಹೇಳಿದೆ. ಬೀಸೋ ಕಲ್ಲಿನ ವಿಷಯ ಆಗ ನೆನಪಾಗಲಿಲ್ಲ ನೋಡಿ.

ಇರಲಿ, ಸಿನಿಮಾಕ್ಕೆ ಬರೋಣ. ಫ್ಲಾಹರ್ಟಿ ನಿಧಾನಸ್ಥ. ವರ್ಷಕ್ಕೂ ಮೀರಿ ಇಲ್ಲೇ ಉಳಿದು, ಗಂಟೆಗಟ್ಟಲೆ ಫಿಲ್ಮು ತಿರುಗಿಸುತ್ತಲೇ ಇದ್ದ. ಕಥೆ ಎಲ್ಲಿ ಅಂತ ಲಂಡನ್ನಿನಲ್ಲಿ ಕೊರ್ಡಾ ತಲೆ ಚಚ್ಚಿಕೊಂಡ. ಮೊದಲು ಹಾಲಿವುಡ್ಡಿನ ಮಾಂಟಾ ಬೆಲ್ ಎಂಬುವನನ್ನು ಮೈಸೂರಿಗೆ ಕಳಿಸಿದ. ಆಮೇಲೆ ತನ್ನ ತಮ್ಮ ಜೋಲ್ಟಾನ್ ಕೊರ್ಡಾನ ಕೈಗೆ ಕೆಲಸ ಕೊಟ್ಟ. ೧೯೩೬ರಲ್ಲಿ ತಂಡವನ್ನು ವಾಪಸು ಕರೆಸಿ, ಲಂಡನ್ ಹತ್ತಿರದ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ 'ಕಥೆ' ಭಾಗವನ್ನು ಜೋಲ್ಟಾನ್ ತೆಗೆದ. ಕ್ಲೈಂಟು ರಿಕ್ವೈರ್‌ಮೆಂಟ್ ಬದಲಿಸಿ, ಕೊನೆಗೆ ಬೇರೆ ಟೀಮಿಗೆ ಪ್ರಾಜೆಕ್ಟ್ ಕೊಟ್ಟ ಹಾಗೆ.

ಎಂಬತ್ತು ನಿಮಿಷದ ಸಿನಿಮಾದಲ್ಲಿ ಎರಡು ಕೈಗಳ ಹೊಲಿಗೆ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಸಾಬುವಿನ ಅಪ್ಪನಾಗಿ ಬರುವವನು ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟ. ಮಾಚುವಾ ಅಪ್ಪ ಎಂಬ ಹಿರಿಯನೂ ಹಾಗೆಯೇ. ಮೈಸೂರಿನ ಆನೆಲಾಯದಲ್ಲಿ ಅಷ್ಟು ಜನ ಮಾವುತರಿರುವಾಗ, ಮಾವುತನ ಪಾತ್ರಕ್ಕೆ ಇಂಗ್ಲೆಂಡಿನವನು! ಆನೆಯ ಕಾಲಿಗೆ ಹಗ್ಗ ಬಿಗಿದ ನಿಜವಾದವರ ಹೆಸರು ಎಲ್ಲೂ ಇಲ್ಲ. ಕುರುಬರ ಹೆಸರಂತೂ ಕೇಳಲೇ ಬೇಡಿ. ಇಷ್ಟಾಗಿ ೧೯೩೭ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಇಬ್ಬರಿಗೂ ಸೇರಿ ಬಂತು.

ಸಿನಿಮಾ ಶುರುವಾಗುವುದು ಸಾಬು ನೇರ ನಮ್ಮನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಕಥೆ ಹೇಳುವುದರಿಂದ. ರುಮಾಲು, ಹೊಳೆಯುವ ಕಣ್ಣು, ಬಾಯಿಪಾಠ ಮಾಡಿದ ಮಾತು. ಆ ಕ್ಷಣಕ್ಕೆ ಅವನು ಕಾರಾಪುರದಿಂದ ಎಷ್ಟು ದೂರ ಬಂದುಬಿಟ್ಟಿದ್ದಾನೆ ಅನ್ನಿಸುತ್ತದೆ. ಮತ್ತೆ ಅವನು ಮಾವುತನಾಗಲೇ ಇಲ್ಲ. ಜೊತೆಗೆ ಹೋದ ಅಣ್ಣನ ಹೆಸರು ಶೇಖ್ ದಸ್ತಗೀರ್. ಕಾಗದ ಪತ್ರದಲ್ಲಿ ಅದು ಕಲಸಿಹೋಗಿ ಇವನು 'ಸಾಬು ದಸ್ತಗೀರ್' ಆದ. ೧೯೪೦ರಲ್ಲಿ 'ಥೀಫ್ ಆಫ್ ಬಾಗ್ದಾದ್', ೧೯೪೨ರಲ್ಲಿ 'ಜಂಗಲ್ ಬುಕ್'ನ ಮೋಗ್ಲಿ. ಹಾಲಿವುಡ್ಡಿನಲ್ಲಿ ಹೆಸರು ಗಳಿಸಿದ ಮೊದಲ ಭಾರತೀಯ ಅಂತ ಯಾರು ಯಾರನ್ನೋ ಹೊಗಳುವಾಗ, ಕಾರಾಪುರದ ಈ ಹುಡುಗನನ್ನು ಮರೆಯುತ್ತಾರೆ. ೧೯೪೪ರಲ್ಲಿ ಅಮೆರಿಕದ ಪ್ರಜೆಯಾಗಿ, ವಾಯುಪಡೆ ಸೇರಿ, ಬಿ-೨೪ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಯುದ್ಧ ಮಾಡಿ, ಪದಕ ಪಡೆದ.

ಯುದ್ಧ ಮುಗಿದು ಬಂದಾಗ ಅವನು ಹುಡುಗನಾಗಿ ಉಳಿದಿರಲಿಲ್ಲ. ಹಾಲಿವುಡ್ಡಿಗೆ ಬೇಕಾಗಿದ್ದದ್ದು ಮಾತ್ರ ಅದೇ ಹನ್ನೊಂದು ವರ್ಷದ ರುಮಾಲಿನ ಹುಡುಗ. ಪಾತ್ರಗಳು ಸಣ್ಣವಾಗುತ್ತಾ ಹೋದವು. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಮಾಡಲು ಹೊರಟಾಗ ಬಿರ್ಜು ಪಾತ್ರಕ್ಕೆ ಸಾಬುವನ್ನೇ ಕರೆಸಿದ್ದರು. ಮುಂಬಯಿಗೆ ಬಂದು ಕಾದ. ಚಿತ್ರೀಕರಣ ತಡವಾಯಿತು, ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿದವನಿಗೆ ಭಾರತದಲ್ಲಿ ದುಡಿಯಲು ವರ್ಕ್ ಪರ್ಮಿಟ್! ಕೊನೆಗೆ ಆ ಪಾತ್ರ ಸುನಿಲ್ ದತ್ ಪಾಲಾಗಿ, ಸಿನಿಮಾ ೧೯೫೭ರಲ್ಲಿ ಬಂತು. ವೀಸಾ ಕ್ಯೂನಲ್ಲಿ ನಿಂತಿರುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಯಾರೂ ನಗುವುದಿಲ್ಲ. ೧೯೬೩ರ ಡಿಸೆಂಬರ್ ೨ರಂದು ಲಾಸ್ ಏಂಜಲೀಸ್‌ನಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ೩೯.

ಇಲ್ಲಿ ಇನ್ನೊಬ್ಬ ಹುಡುಗನನ್ನು ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ. ಸಾಬು ಹುಟ್ಟುವುದಕ್ಕೆ ತಿಂಗಳು ಚಿಲ್ಲರೆ ಮೊದಲು, ೧೯೨೩ರ ಡಿಸೆಂಬರ್ ೧೮ರಂದು, ಅದೇ ಸೀಮೆಯ ಮೈಸೂರು ಪೇಟೆಯಲ್ಲಿ ಹುಟ್ಟಿದವರು ಟಿ. ಎಸ್. ಸತ್ಯನ್. ಪತ್ರಿಕಾ ಛಾಯಾಗ್ರಾಹಕರು. 'ಡೆಕ್ಕನ್ ಹೆರಾಲ್ಡ್'ನಿಂದ ಹಿಡಿದು ಅಮೆರಿಕದ 'ಲೈಫ್'ವರೆಗೆ ಅವರ ಚಿತ್ರಗಳು ಬಂದವು. ಯೂನಿಸೆಫ್‌ಗಾಗಿ ಊರೂರು ತಿರುಗಿ ಮಕ್ಕಳ ಚಿತ್ರ ತೆಗೆದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ೧೯೭೭ರಲ್ಲಿ ಪದ್ಮಶ್ರೀ ಬಂತು, ೨೦೦೯ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಒಂದೇ ಸೀಮೆಯ ಎರಡು ಮಕ್ಕಳು. ಒಬ್ಬನಿಗೆ ಓದಲು ಶಾಲೆ, ಕಾಲೇಜು ಇತ್ತು, ಕ್ಯಾಮೆರಾದ ಹಿಂದೆ ನಿಂತ. ಇನ್ನೊಬ್ಬನಿಗೆ ಆನೆಲಾಯ ಇತ್ತು, ಕ್ಯಾಮೆರಾದ ಮುಂದೆ ನಿಂತ. ಸತ್ಯನ್ ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಅಂತ ತಮ್ಮ ನೆನಪುಗಳನ್ನು ಬರೆದರು. ಸಾಬುವಿನ ಕಾರಾಪುರದ ನೆನಪು ನಮಗೆ ಸಿಗುವುದು ಬೇರೆಯವರ ಬರಹದಲ್ಲಿ. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ೧೯೩೭ರಲ್ಲಿ ಬರೆದ 'ಎಲಿಫೆಂಟ್ ಡಾನ್ಸ್' ಎಂಬ ಪುಸ್ತಕ ಅಂಥದ್ದು. ಅವನೇ ಹೇಳಿದ್ದರೆ ಯಾವ ಆನೆಯ ಹೆಸರಿನಿಂದ ಶುರು ಮಾಡುತ್ತಿದ್ದನೋ.

ಈ ಪೋಸ್ಟಿಗಾಗಿ ಅಜ್ಜಿಯ ವೀಡಿಯೋ ಇನ್ನೊಮ್ಮೆ ನೋಡೋಣ ಅಂತ ಹಳೇ ಹಾರ್ಡ್ ಡಿಸ್ಕ್ ತೆಗೆದೆ. ನನ್ನ ಪುಣ್ಯ, ಕತ್ತರಿಸುವ ಮೊದಲಿನ ಫೈಲ್ ಹಾಗೇ ಇತ್ತು. ಹನ್ನೊಂದು ನಿಮಿಷ. ಮರೆತೇ ಹೋಗಿತ್ತು ನನಗೆ. ಮೊದಲ ಮೂರು ನಿಮಿಷ ಅಜ್ಜಿ ಬೀಸುವುದೇ ಇಲ್ಲ, ಗೂಟ ಸಡಿಲ ಆಗಿದೆ ಅಂತ ಬಟ್ಟೆ ಚೂರು ತುರುಕುತ್ತಾ ನನ್ನನ್ನು ಬೈಯುತ್ತಿದ್ದಾಳೆ. ಒಂದು ಸಾಲು ಹೇಳಿ ಮುಂದಿನದು ಮರೆತು, ಅಡುಗೆಮನೆಯಲ್ಲಿರುವ ಅಮ್ಮನನ್ನು ಕೂಗಿ ಕೇಳುತ್ತಾಳೆ. ಅಮ್ಮನಿಗೂ ಬರುವುದಿಲ್ಲ. ಏಳನೇ ನಿಮಿಷದಲ್ಲಿ ಕೈ ನಿಲ್ಲಿಸಿ ನೇರ ಕ್ಯಾಮೆರಾ ನೋಡುತ್ತಾ ಕೇಳುತ್ತಾಳೆ:

"ಏ ತಮ್ಮಾ, ಇನ್ನೂ ಎಷ್ಟೊತ್ತು ಬೀಸಬೇಕಪಾ? ಗಿರಣೀಲಿ ಹಾಕಿಸ್ಕಂಡ್ ಬಂದಿದ್ದು ಡಬ್ಬ್ಯಾಗೆ ಐತಲ್ಲ. ಈ ಕಲ್ಲು ತಿರುಗ್ಸಿ ತಿರುಗ್ಸಿ ನಮ್ಮವ್ವನ ರಟ್ಟೆ ಬಿದ್ದೋಗಿತ್ತು. ಗಿರಣಿ ಬಂದ ದಿನ ನಾವು ಹೆಣ್ಮಕ್ಳೆಲ್ಲಾ ಕಾಯಿ ಒಡ್ಸಿದ್ವಿ, ಗೊತ್ತೇನು ನಿಂಗೆ? ಅದ್ನ ತೆಗಿ ಫೋಟೋ."

ಅಷ್ಟರಲ್ಲಿ ಕರೆಂಟು ಬರುತ್ತದೆ. ಹಿಂದಿನಿಂದ ಗಿರಣಿಯ ಬೆಲ್ಟಿನ ಸದ್ದು ಶುರುವಾಗುತ್ತದೆ. "ಅಯ್ಯೋ" ಅನ್ನುವ ನನ್ನ ದನಿ, ಅಜ್ಜಿಯ ನಗು. ಆಮೇಲೆ ಎರಡು ನಿಮಿಷ ಅವಳು ಗಿರಣಿ ಸದ್ದಿನ ನಡುವೆಯೇ ಬೀಸುತ್ತಾ, ಆ ಸದ್ದಿಗೆ ತಾಳ ಹೊಂದಿಸಿ ಪದ ಹೇಳುತ್ತಾಳೆ, ನನ್ನನ್ನು ಅಣಕಿಸುವುದಕ್ಕೆ. ಅದನ್ನೇ ನಾನು 'ನಾಯ್ಸ್' ಅಂತ ಕತ್ತರಿಸಿ ಎಸೆದಿದ್ದೆ.

ಫೈಲ್ ದೊಡ್ಡದು, ವಾಟ್ಸ್ಯಾಪಿಗೆ ಹಿಡಿಯಲಿಲ್ಲ. ಲಿಂಕ್ ಮಾಡಿ ಗುಂಪಿಗೆ ಹಾಕಿದ್ದೇನೆ. ಅಣ್ಣನ ಮಗಳು ಪೂರ್ತಿ ನೋಡಿದಳಂತೆ. ರಾತ್ರಿ ಫೋನ್ ಮಾಡಿ, ಗಿರಣಿ ಬಂದ ದಿನದ ಫೋಟೋ ಎಲ್ಲಿದೆ ಚಿಕ್ಕಪ್ಪಾ ಅಂತ ಕೇಳಿದಳು. ಗಿರಣಿಯ ಯಜಮಾನರ ಮನೆಯಲ್ಲಿ ಗೋಡೆಗೆ ಒಂದು ಹಳೇ ಫೋಟೋ ತೂಗುಹಾಕಿದ್ದು ನೋಡಿದ ನೆನಪು. ದೀಪಾವಳಿಗೆ ಊರಿಗೆ ಹೋದಾಗ ಅವಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಕೇಳಬೇಕು.